ಬಿ ಫಾರಂ ಯಾರ ಕೈಯಲ್ಲಿ? ಪಕ್ಷದೊಳಗಿನ ಪ್ರೈಮರಿ ಚುನಾವಣೆ ಬಗ್ಗೆ ಒಂದು ಪ್ರಶ್ನೆ

ಬೂತ್ ಕಾರ್ಯಕರ್ತ
ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ಒಂದು ಪಕ್ಷದ ಬೂತ್ ಮಟ್ಟದ ಕೆಲಸ ಮಾಡಿಕೊಂಡು ಬಂದಿದ್ದೇನೆ. ಪಕ್ಷದ ಹೆಸರು, ಊರಿನ ಹೆಸರು ಇಲ್ಲಿ ಬೇಡ.

ಕಳೆದ ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ನಾವು ಇನ್ನೂರು ಜನ ತಾಲ್ಲೂಕು ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ ಕಾಯುತ್ತಿದ್ದೆವು. ನಮ್ಮ ಆಕಾಂಕ್ಷಿ ಎರಡು ದಿನ ಮೊದಲೇ ನಾಮಪತ್ರ ಕೊಟ್ಟಿದ್ದರು, ಪಕ್ಷದ ಅಧಿಕೃತ ಅಭ್ಯರ್ಥಿ ಇವರೇ ಎಂದು ಹೇಳುವ ಬಿ ಫಾರಂ ಒಂದು ಬರಬೇಕಿತ್ತು. ಮೂರು ಗಂಟೆಗೆ ಗಡುವು. ಎರಡೂ ನಲವತ್ತಕ್ಕೆ ಬೆಂಗಳೂರಿನಿಂದ ಕಾರು ಬಂತು. ಇಳಿದವರ ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಫೈಲು, ಒಳಗೆ ಶಾಯಿಯಲ್ಲಿ ಸಹಿ ಬಿದ್ದ ಫಾರಂ. ಅದರಲ್ಲಿದ್ದ ಹೆಸರು ಮಾತ್ರ ಬೇರೆಯವರದು. ಮೂರು ವಾರದ ಹಿಂದೆ ಪಕ್ಷ ಸೇರಿದ್ದ ಗುತ್ತಿಗೆದಾರರೊಬ್ಬರದು. ನಮ್ಮಲ್ಲಿ ಯಾರೂ ಕೂಗಲಿಲ್ಲ. ಒಬ್ಬೊಬ್ಬರೇ ಬೈಕು ಹತ್ತಿ ಹೊರಟೆವು.

ಅವರು ಗೆದ್ದರು. ಅವರಿಗೆ ಮತ ಕೇಳಿದವನು ನಾನೇ, ಚಿಹ್ನೆಗೋಸ್ಕರ. ಹೋದ ತಿಂಗಳು ಕೆರೆ ಹೂಳೆತ್ತುವ ಕೆಲಸ ನಿಂತುಹೋಗಿದೆ ಎಂದು ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟು: "ನನಗೆ ಟಿಕೆಟ್ ಕೊಟ್ಟದ್ದು ನೀವಲ್ಲವಲ್ಲ."

ಆ ಮಾತು ನನ್ನ ನಿದ್ದೆ ಕೆಡಿಸಿದೆ, ಏಕೆಂದರೆ ಅದು ನಿಜ. ಅಮೆರಿಕದಲ್ಲಿ ಅಭ್ಯರ್ಥಿಯನ್ನು ಜನರೇ ಮತ ಹಾಕಿ ಆರಿಸುತ್ತಾರೆ, ಅದಕ್ಕೆ ಪ್ರೈಮರಿ ಎನ್ನುತ್ತಾರೆ ಎಂದು ಓದಿದ್ದೇನೆ. ಅಲ್ಲಿರುವವರು ಇದ್ದರೆ ಹೇಳಿ: ಅದು ನಿಜವಾಗಿ ಹೇಗೆ ನಡೆಯುತ್ತದೆ? ಗೆದ್ದವರು ಆಮೇಲೆ ಜನರ ಮಾತು ಕೇಳುತ್ತಾರೆಯೇ?

ತುಂಗಾ ತೀರ
ನಿಮ್ಮ ಶಾಸಕರು ಸತ್ಯವನ್ನೇ ಹೇಳಿದ್ದಾರೆ ಅಣ್ಣ. ಟಿಕೆಟ್ ಕೊಟ್ಟವರ ಋಣವೇ ದೊಡ್ಡದು. ಮತ ಕೊಟ್ಟವರ ನೆನಪು ಐದು ವರ್ಷಕ್ಕೊಮ್ಮೆ ಸಾಕು ಎಂದುಕೊಂಡಿದ್ದಾರೆ.

ಡೆಟ್ರಾಯಿಟ್ ದಾರಿ
ನಾನು ಮಿಷಿಗನ್‌ನಲ್ಲಿ ಹತ್ತೊಂಬತ್ತು ವರ್ಷಗಳಿಂದ ಇದ್ದೇನೆ, ಪೌರತ್ವ ಬಂದಂದಿನಿಂದ ಒಂದು ಪ್ರೈಮರಿಯನ್ನೂ ತಪ್ಪಿಸಿಲ್ಲ. ನೋಡಿದ್ದನ್ನು ಹೇಳುತ್ತೇನೆ.

ನಮ್ಮಲ್ಲಿ ಪ್ರೈಮರಿ ಆಗಸ್ಟ್ ಮೊದಲ ವಾರ, ಮಂಗಳವಾರ. ಮುಖ್ಯ ಚುನಾವಣೆ ನವೆಂಬರ್‌ನಲ್ಲಿ. ಎರಡನ್ನೂ ನಡೆಸುವುದು ಸರ್ಕಾರವೇ, ಪಕ್ಷದ ಕಚೇರಿ ಅಲ್ಲ. ಅದೇ ಮತಗಟ್ಟೆ, ಅದೇ ಮತದಾರರ ಪಟ್ಟಿ, ಅದೇ ಸಿಬ್ಬಂದಿ. ಮಿಷಿಗನ್‌ನಲ್ಲಿ ಮತದಾರರು ಯಾವ ಪಕ್ಷಕ್ಕೂ ಹೆಸರು ನೋಂದಾಯಿಸಿಕೊಳ್ಳಬೇಕಿಲ್ಲ. ಮತಪತ್ರದಲ್ಲಿ ರಿಪಬ್ಲಿಕನ್ ಒಂದು ಅಂಕಣ, ಡೆಮಾಕ್ರಟಿಕ್ ಇನ್ನೊಂದು ಅಂಕಣ. ಯಾವುದಾದರೂ ಒಂದೇ ಅಂಕಣದೊಳಗೆ ಎಲ್ಲ ಹುದ್ದೆಗಳಿಗೂ ಗುರುತು ಹಾಕಬೇಕು. ನನ್ನ ಮೊದಲ ಸಲ, ಪರಿಚಯದವರೊಬ್ಬರು ಎಂದು ಆ ಕಡೆಯ ಅಂಕಣದಲ್ಲೂ ಒಂದು ಅಂಡಾಕಾರದ ಗುರುತನ್ನು ಕಪ್ಪು ಮಾಡಿದೆ. ಯಂತ್ರಕ್ಕೆ ಹಾಕಿದ ತಕ್ಷಣ ಅದು ಕಾಗದವನ್ನು ವಾಪಸು ತಳ್ಳಿತು. ಮೇಜಿನ ಹಿಂದೆ ಕುಳಿತಿದ್ದ ಅಜ್ಜಿ ಎದ್ದು ಬಂದು, ಹೀಗೆ ಎರಡು ಅಂಕಣ ದಾಟಿದರೆ ಪಕ್ಷದ ಮತಗಳೆಲ್ಲ ಅಸಿಂಧು ಎಂದು ವಿವರಿಸಿ ಹೊಸ ಮತಪತ್ರ ಕೊಟ್ಟರು.

ಅಂಕಣದಲ್ಲಿ ಹೆಸರು ಬರಬೇಕಾದರೆ ಯಾರ ಬಿ ಫಾರಮ್ಮೂ ಬೇಡ. ಅಮೆರಿಕದ ಸಂಸತ್ತಿನ ಕೆಳಮನೆಗೆ ನಿಲ್ಲುವವರು ಕ್ಷೇತ್ರದ ಕನಿಷ್ಠ 1,000 ಮತದಾರರ ಸರಿಯಾದ ಸಹಿ ತರಬೇಕು. ವಸಂತಕಾಲದಲ್ಲಿ ದಿನಸಿ ಅಂಗಡಿಯ ಬಾಗಿಲಲ್ಲಿ ರಟ್ಟು ಹಿಡಿದು ನಿಂತವರು ಸಹಿ ಕೇಳುತ್ತಾರೆ. ಸಹಿ ಖೋಟಾ ಆದರೆ ಎಷ್ಟು ದೊಡ್ಡವರಾದರೂ ಹೊರಗೆ. 2022ರಲ್ಲಿ ರಾಜ್ಯಪಾಲ ಹುದ್ದೆಯ ಐದು ರಿಪಬ್ಲಿಕನ್ ಆಕಾಂಕ್ಷಿಗಳು ಹೀಗೆ ಪಟ್ಟಿಯಿಂದ ಬಿದ್ದರು. ಅವರಲ್ಲೊಬ್ಬರು ಡೆಟ್ರಾಯಿಟ್‌ನ ಮಾಜಿ ಪೊಲೀಸ್ ಮುಖ್ಯಸ್ಥರು. (ಅಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಚುನಾಯಿತ ಹುದ್ದೆ.)

ನಮ್ಮ ನೆಲದ ಒಂದು ಉದಾಹರಣೆ: ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್. 2018ರಲ್ಲಿ ಮಿಷಿಗನ್ ರಾಜ್ಯಪಾಲ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತು ಮೂರನೆಯವರಾದರು. 2022ರಲ್ಲಿ ಕೆಳಮನೆಯ 13ನೇ ಕ್ಷೇತ್ರದ ಪ್ರೈಮರಿ ಗೆದ್ದರು. ಆ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದರೆ ನವೆಂಬರ್ ಗೆದ್ದಂತೆಯೇ. ಪಕ್ಷದ ಹಿರಿಯರು ಬೇರೆಯವರ ಬೆನ್ನಿಗಿದ್ದರು. ಆದರೂ ತಡೆಯಲು ಅವರ ಕೈಯಲ್ಲಿ ಫಾರಂ ಇರಲಿಲ್ಲ.

ಖಾನಾಪುರ ರಸ್ತೆ
ಥಾಣೇದಾರರ ಮನೆಮಾತು ಮರಾಠಿ. ನಮ್ಮವರು ಎಂದು ಹೇಳಿಕೊಳ್ಳುವ ಮೊದಲು ಅದನ್ನೂ ಹೇಳಿ.

ಡೆಟ್ರಾಯಿಟ್ ದಾರಿ
ಹೌದು, ಮರಾಠಿಯೇ. ಬೆಳಗಾವಿಯವರು ಎಂದದ್ದು ಊರಿನ ಲೆಕ್ಕದಲ್ಲಿ. ಈ ಚರ್ಚೆಯಲ್ಲಿ ಗಡಿ ವಿವಾದ ಬೇಡ, ದಯವಿಟ್ಟು.

ಲೆಕ್ಕದ ಮೇಷ್ಟ್ರು
ಉದಾಹರಣೆಯ ಇನ್ನೊಂದು ಬದಿಯನ್ನು ನಾನು ಹೇಳುತ್ತೇನೆ. 2022ರ ಆ ಪ್ರೈಮರಿಯಲ್ಲಿ ಒಂಬತ್ತು ಜನ ನಿಂತಿದ್ದರು. ಥಾಣೇದಾರ್ ಗೆದ್ದದ್ದು ಸುಮಾರು 28 ಶೇಕಡಾ ಮತದಿಂದ. ಅಂದರೆ ನೂರಕ್ಕೆ ಎಪ್ಪತ್ತೆರಡು ಜನ ಬೇರೆಯವರನ್ನು ಬಯಸಿದ್ದರು. ಡೆಟ್ರಾಯಿಟ್‌ನಂಥ ಕಪ್ಪು ಜನರ ನಗರಕ್ಕೆ 1950ರ ದಶಕದಿಂದೀಚೆಗೆ ಮೊದಲ ಸಲ ಕಪ್ಪು ಪ್ರತಿನಿಧಿ ಇಲ್ಲದಾಯಿತು, ಮತ ಹಂಚಿಹೋದ ಕಾರಣ. 2018ರಲ್ಲಿ ಅವರು ಒಂದು ಕೋಟಿ ಡಾಲರ್‌ಗೂ ಹೆಚ್ಚು ಸ್ವಂತ ಹಣ ಸುರಿದಿದ್ದರು ಎಂಬುದನ್ನೂ ಸೇರಿಸಿ. ವರಿಷ್ಠರ ಕೈಯಿಂದ ತಪ್ಪಿಸಿ ಹಣವಂತರ ಕೈಗೆ ಕೊಟ್ಟರೆ ನಮ್ಮ ಬೂತ್ ಕಾರ್ಯಕರ್ತರಿಗೆ ಏನು ಸಿಕ್ಕಿತು?

ಡೆಟ್ರಾಯಿಟ್ ದಾರಿ
ಮೇಷ್ಟ್ರೇ, ನಿಮ್ಮ ಅಂಕಿ ಸರಿ. ಆದರೆ ಒಂದು ಮಾತು ಬಿಟ್ಟಿದ್ದೀರಿ. 28 ಶೇಕಡಾ ಪಡೆದವರು ಎರಡೇ ವರ್ಷದಲ್ಲಿ ಮತ್ತೆ ಅದೇ ಜನರ ಮುಂದೆ ನಿಲ್ಲಬೇಕು. 2024ರಲ್ಲಿ ನಿಂತರು, ಮತ್ತೆ ಗೆದ್ದರು. ನಡುವಿನ ಎರಡು ವರ್ಷ ಅವರು ಹೋಗದ ಬಡಾವಣೆ ಸಭೆ ಇರಲಿಲ್ಲ. ನಮ್ಮ ಬೀದಿಗೆ ಎರಡು ಸಲ ಬಂದಿದ್ದರು. ಒಮ್ಮೆ ನಾನೇ ಬಾಗಿಲು ತೆರೆದೆ.

ರಾಜ್ಯಕ್ಕೊಂದು ನಿಯಮ ಇದೆ ಎಂಬುದನ್ನೂ ಮರೆಯಬೇಡಿ. ಟೆಕ್ಸಾಸ್, ಜಾರ್ಜಿಯಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು. ನ್ಯೂಯಾರ್ಕ್ ನಗರದಲ್ಲಿ 2021ರಿಂದ ಮೇಯರ್ ಪ್ರೈಮರಿಗೆ ಒಂದು, ಎರಡು, ಮೂರು ಎಂದು ಆದ್ಯತೆ ಬರೆಯುತ್ತಾರೆ, ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಹಾಗೆ.

ಎಡಿಸನ್ ಮನೆ
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಪ್ರೈಮರಿ ಇದ್ದಮಾತ್ರಕ್ಕೆ ಹೈಕಮಾಂಡ್ ಇಲ್ಲ ಎಂದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲಿ ಹತ್ತಾರು ವರ್ಷ "ಕೌಂಟಿ ಲೈನ್" ಎಂಬುದೊಂದಿತ್ತು. ಕೌಂಟಿ ಎಂದರೆ ಜಿಲ್ಲೆ ಎಂದಿಟ್ಟುಕೊಳ್ಳಿ. ಜಿಲ್ಲಾ ಪಕ್ಷದ ಮುಖಂಡರು ಒಪ್ಪಿದವರ ಹೆಸರುಗಳೆಲ್ಲ, ಮೇಲಿನ ಹುದ್ದೆಯಿಂದ ಕೆಳಗಿನ ಹುದ್ದೆಯವರೆಗೆ, ಮತಪತ್ರದಲ್ಲಿ ಒಂದೇ ಸಾಲಿನಲ್ಲಿ ಮುದ್ದಾಗಿ ಬರುತ್ತಿದ್ದವು. ಉಳಿದವರ ಹೆಸರು ಎಲ್ಲೋ ಮೂಲೆಯಲ್ಲಿ, ನಡುವೆ ಖಾಲಿ ಚೌಕಗಳನ್ನು ದಾಟಿ. ಹುಡುಕುವ ತಾಳ್ಮೆ ಯಾರಿಗಿದೆ? ಸಾಲಿನಲ್ಲಿದ್ದವರೇ ಗೆಲ್ಲುತ್ತಿದ್ದರು.

2024ರಲ್ಲಿ ಸೆನೆಟ್ (ಸಂಸತ್ತಿನ ಮೇಲ್ಮನೆ) ಪ್ರೈಮರಿಗೆ ನಿಂತಿದ್ದ ಆಂಡಿ ಕಿಮ್ ನ್ಯಾಯಾಲಯಕ್ಕೆ ಹೋದರು. ಎದುರಿಗಿದ್ದವರು ಆಗಿನ ರಾಜ್ಯಪಾಲರ ಪತ್ನಿ, ಹಲವು ಜಿಲ್ಲೆಗಳ ಸಾಲು ಅವರಿಗೆ ಸಿಕ್ಕಿತ್ತು. ಮಾರ್ಚ್‌ನಲ್ಲಿ ಆಕೆ ಕಣದಿಂದ ಹಿಂದೆ ಸರಿದರು. ಅದೇ ತಿಂಗಳ ಕೊನೆಗೆ ಒಕ್ಕೂಟ ನ್ಯಾಯಾಧೀಶರು ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿಗೆ ಆ ವಿನ್ಯಾಸ ಬಳಸಬಾರದೆಂದರು. ಜೂನ್‌ನಲ್ಲಿ ಮತಪತ್ರ ಕೈಗೆ ಬಂದಾಗ ಪ್ರತಿ ಹುದ್ದೆಗೂ ಒಂದೊಂದು ಚೌಕಟ್ಟು, ಅದರೊಳಗೆ ಎಲ್ಲ ಹೆಸರೂ ಒಟ್ಟಿಗೆ. ನಮ್ಮತ್ತೆ ಅದನ್ನು ಎರಡೆರಡು ಸಲ ಓದಿ, "ಇಷ್ಟು ಜನ ನಿಂತಿದ್ದರೇ?" ಎಂದು ಕೇಳಿದರು. ಹಿಂದಿನ ಚುನಾವಣೆಗಳಲ್ಲೂ ಅಷ್ಟೇ ಜನ ನಿಂತಿದ್ದರು, ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಹಳೆಯ ಪುಟ
ಚರಿತ್ರೆ ಸ್ವಲ್ಪ ಹೇಳಬೇಕು, ಏಕೆಂದರೆ ಇದು ಆಕಾಶದಿಂದ ಇಳಿದು ಬಂದದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಲ್ಲೂ ಟಿಕೆಟ್ ಕೊಡುತ್ತಿದ್ದವರು ಮುಖಂಡರೇ, ಹೊಗೆ ತುಂಬಿದ ಕೋಣೆಗಳಲ್ಲಿ. ವಿಸ್ಕಾನ್ಸಿನ್‌ನಲ್ಲಿ ರಾಬರ್ಟ್ ಲಾ ಫಾಲೆಟ್ ವರ್ಷಗಟ್ಟಲೆ ಇದಕ್ಕಾಗಿ ಹೋರಾಡಿದರು. ತಮ್ಮದೇ ರಿಪಬ್ಲಿಕನ್ ಪಕ್ಷದ ಯಜಮಾನರು ಅವರಿಗೆ ಸಮಾವೇಶಗಳಲ್ಲಿ ಟಿಕೆಟ್ ತಪ್ಪಿಸಿದ್ದರು. 1904ರಲ್ಲಿ ಆ ರಾಜ್ಯದ ಜನಮತ ಸಂಗ್ರಹದಲ್ಲಿ ಪ್ರೈಮರಿ ಕಾನೂನು ಗೆದ್ದಿತು. ಬೂತ್ ಕಾರ್ಯಕರ್ತರೇ, ನಿಮ್ಮ ಹೊಂಗೆ ಮರದ ಕೆಳಗಿನ ಸಂಕಟ ಅವರದೂ ಆಗಿತ್ತು.

ಆದರೂ ಅಧ್ಯಕ್ಷ ಹುದ್ದೆಗೆ ಮುಖಂಡರ ಹಿಡಿತ 1968ರವರೆಗೆ ಉಳಿಯಿತು. ಆ ವರ್ಷ ಹ್ಯೂಬರ್ಟ್ ಹಂಫ್ರಿ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಷಿಕಾಗೊ ಸಮಾವೇಶದ ಹೊರಗೆ ಲಾಠಿ, ಅಶ್ರುವಾಯು. ನವೆಂಬರ್‌ನಲ್ಲಿ ನಿಕ್ಸನ್ ಗೆದ್ದರು. ಆ ಪೆಟ್ಟಿನ ನಂತರ ಮ್ಯಾಕ್‌ಗವರ್ನ್–ಫ್ರೇಸರ್ ಆಯೋಗ ನಿಯಮ ಬದಲಿಸಿತು. 1972ರಿಂದೀಚೆಗಿನದೇ ಈಗಿನ ಪದ್ಧತಿ.

ಇನ್ನೊಂದು ಕಹಿ ಪುಟ ಇದೆ. ದಕ್ಷಿಣದ ರಾಜ್ಯಗಳಲ್ಲಿ ಒಂದೇ ಪಕ್ಷ ಗೆಲ್ಲುತ್ತಿದ್ದ ಕಾಲದಲ್ಲಿ ಪ್ರೈಮರಿಯೇ ನಿಜವಾದ ಚುನಾವಣೆ. ಆ ಪ್ರೈಮರಿಯಿಂದ ಕಪ್ಪು ಜನರನ್ನು ಹೊರಗಿಟ್ಟರು, ಪಕ್ಷವೆಂದರೆ ಖಾಸಗಿ ಸಂಘ, ಅದರ ಸದಸ್ಯರು ಯಾರೆಂದು ಅದೇ ತೀರ್ಮಾನಿಸುತ್ತದೆ ಎಂಬ ನೆಪದಲ್ಲಿ. ಹ್ಯೂಸ್ಟನ್‌ನ ದಂತವೈದ್ಯ ಲಾನಿ ಸ್ಮಿತ್ ದಾವೆ ಹೂಡಿದರು. 1944ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬುದೇ ಇಡೀ ವಿಷಯದ ಜೀವ. ನಮ್ಮಲ್ಲಿ ಪ್ರೈಮರಿ ಬೇಕೆನ್ನುವವರು ಮೊದಲು ಇದನ್ನು ಯೋಚಿಸಬೇಕು.

ಕಾವಲುಗಾರ
ಎಲ್ಲರೂ ಹೊಗಳುತ್ತಿದ್ದೀರಿ, ನಾನು ವಿರೋಧಿಸುತ್ತೇನೆ. ಪ್ರೈಮರಿಯಲ್ಲಿ ಮತ ಹಾಕುವವರು ಎಷ್ಟು ಜನ? ಅಧ್ಯಕ್ಷೀಯ ಚುನಾವಣೆ ಇಲ್ಲದ ವರ್ಷದಲ್ಲಿ ಸುಮಾರು ಐದರಲ್ಲಿ ಒಬ್ಬರು. ಅವರೂ ಪಕ್ಷದ ಅತ್ಯಂತ ಉಗ್ರ ಅಭಿಮಾನಿಗಳು. ಅವರಿಗೆ ಹೆದರಿ ನಡೆಯುವ ಜನಪ್ರತಿನಿಧಿ ಉಳಿದ ನಾಲ್ವರನ್ನು ಕಡೆಗಣಿಸುತ್ತಾನೆ. 2021ರ ಜನವರಿಯಲ್ಲಿ ಟ್ರಂಪ್ ವಿರುದ್ಧ ದೋಷಾರೋಪಣೆಗೆ ಮತ ಹಾಕಿದ ಹತ್ತು ರಿಪಬ್ಲಿಕನ್ ಸದಸ್ಯರ ಗತಿ ಏನಾಯಿತು? ನಾಲ್ವರು ಮತ್ತೆ ನಿಲ್ಲಲೇ ಇಲ್ಲ. ನಾಲ್ವರು ಪ್ರೈಮರಿಯಲ್ಲಿ ಸೋತರು. ವ್ಯೋಮಿಂಗ್‌ನ ಲಿಜ್ ಚೇನಿಗೆ ಸಿಕ್ಕಿದ್ದು ಮೂವತ್ತು ಶೇಕಡಾಕ್ಕೂ ಕಡಿಮೆ. ಆತ್ಮಸಾಕ್ಷಿಯಂತೆ ನಡೆದವರಿಗೆ ಶಿಕ್ಷೆ ಕೊಡುವುದನ್ನು ಉತ್ತರದಾಯಿತ್ವ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ತುಂಗಾ ತೀರ
ಜನರು ತಮಗೆ ಬೇಡದವರನ್ನು ಸೋಲಿಸಿದರು. ನಿಮಗೆ ಇಷ್ಟವಾದವರು ಸೋತರು ಎಂದು ಪದ್ಧತಿಯೇ ತಪ್ಪೇ?

ಕಾವಲುಗಾರ
ನನ್ನ ಇಷ್ಟದ ಪ್ರಶ್ನೆ ಅಲ್ಲ. ಜನ ಎಂದರೆ ಯಾರು ಎಂಬ ಪ್ರಶ್ನೆ. ಮಿಷಿಗನ್‌ನ ಪೀಟರ್ ಮೈಯರ್ ಪ್ರೈಮರಿಯಲ್ಲಿ ಸೋತರು. ಅದೇ ಕ್ಷೇತ್ರವನ್ನು ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷ ಗೆದ್ದಿತು. ಪ್ರೈಮರಿಯ ಜನ ಒಂದು ಹೇಳಿದರು, ಕ್ಷೇತ್ರದ ಜನ ಇನ್ನೊಂದು ಹೇಳಿದರು.

ಸಿಯಾಟಲ್ ಮಳೆ
ಆ ಹತ್ತರಲ್ಲಿ ಉಳಿದ ಇಬ್ಬರ ವಿಷಯ ಹೇಳಿ! ಡಾನ್ ನ್ಯೂಹೌಸ್ ನಮ್ಮ ವಾಷಿಂಗ್ಟನ್ ರಾಜ್ಯದವರು, ಡೇವಿಡ್ ವಲಡಾವೊ ಕ್ಯಾಲಿಫೋರ್ನಿಯಾದವರು. ಈ ಎರಡು ರಾಜ್ಯಗಳಲ್ಲಿ ಪಕ್ಷಕ್ಕೊಂದು ಪ್ರೈಮರಿ ಇಲ್ಲ. ಎಲ್ಲ ಪಕ್ಷದ ಎಲ್ಲ ಅಭ್ಯರ್ಥಿಗಳೂ ಒಂದೇ ಮತಪತ್ರದಲ್ಲಿ, ಎಲ್ಲ ಮತದಾರರಿಗೂ ಅದೇ ಮತಪತ್ರ. ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ, ಇಬ್ಬರೂ ಒಂದೇ ಪಕ್ಷದವರಾದರೂ ಸರಿಯೇ. ಅಲಾಸ್ಕಾದಲ್ಲಿ 2022ರಿಂದ ಮೊದಲ ನಾಲ್ವರು ಹೋಗುತ್ತಾರೆ, ಆಮೇಲೆ ಆದ್ಯತೆಯ ಮತ. ಅಲ್ಲಿನ ರಿಪಬ್ಲಿಕನ್ ಸೆನೆಟರ್ ಲೀಸಾ ಮರ್ಕೌಸ್ಕಿ ಸೆನೆಟ್‌ನಲ್ಲಿ ಟ್ರಂಪ್ ತಪ್ಪಿತಸ್ಥರೆಂದು ಮತ ಹಾಕಿಯೂ ಅಲ್ಲಿ ಮತ್ತೆ ಗೆದ್ದರು. ಅದೇ ಮರ್ಕೌಸ್ಕಿ 2010ರಲ್ಲಿ ಹಳೆಯ ರೀತಿಯ ಪ್ರೈಮರಿಯಲ್ಲಿ ಸೋತು, ಮತದಾರರು ಕೈಯಿಂದ ಹೆಸರು ಬರೆದ ಮತಗಳಿಂದ ಗೆದ್ದು ಬಂದವರು. ಅಷ್ಟು ಉದ್ದದ ಹೆಸರನ್ನು ಜನ ಬರೆದರು ಎಂಬುದೇ ನನಗೆ ಇಂದಿಗೂ ಆಶ್ಚರ್ಯ.

ಲೆಕ್ಕದ ಮೇಷ್ಟ್ರು
ಪೂರ್ತಿ ಹೇಳಿ. ನಿಮ್ಮ ವಾಷಿಂಗ್ಟನ್‌ನಲ್ಲೇ ಜೇಮಿ ಹೆರೆರಾ ಬ್ಯೂಟ್ಲರ್ ಕೂಡ ಇದ್ದರು. ಅವರೂ ದೋಷಾರೋಪಣೆಗೆ ಮತ ಹಾಕಿದ್ದರು, ಮೊದಲ ಇಬ್ಬರಲ್ಲಿ ಬರಲಾಗದೆ ಸೋತರು. ಈ ಪದ್ಧತಿ ಮೂವರಲ್ಲಿ ಇಬ್ಬರನ್ನು ಉಳಿಸಿತು.

ಸಿಯಾಟಲ್ ಮಳೆ
ಒಪ್ಪಿದೆ. ಮೂವರಲ್ಲಿ ಇಬ್ಬರು.

ಮಲ್ಲಿಗೆ ಬಳ್ಳಿ
ಹಣವಂತರೇ ಗೆಲ್ಲುತ್ತಾರೆ ಎಂದ ಮೇಷ್ಟ್ರಿಗೆ ಎರಡು ಹೆಸರು. 2014ರ ಜೂನ್‌ನಲ್ಲಿ ವರ್ಜೀನಿಯಾದಲ್ಲಿ ಎರಿಕ್ ಕ್ಯಾಂಟರ್ ಸೋತರು. ಆಗ ಅವರು ಕೆಳಮನೆಯ ಬಹುಮತ ನಾಯಕ, ಮುಂದಿನ ಸ್ಪೀಕರ್ ಎಂದೇ ಎಲ್ಲರ ಎಣಿಕೆ. ಸೋಲಿಸಿದವರು ಡೇವ್ ಬ್ರಾಟ್ ಎಂಬ ಕಾಲೇಜು ಅಧ್ಯಾಪಕರು, ಹಣದಲ್ಲಿ ಕ್ಯಾಂಟರ್ ಹತ್ತಿರಕ್ಕೂ ಬರುವಂತಿರಲಿಲ್ಲ. ಕ್ಷೇತ್ರಕ್ಕೆ ಬರುವುದನ್ನೇ ಮರೆತಿದ್ದಾರೆ ಎಂಬ ಸಿಟ್ಟು ಜನರಲ್ಲಿತ್ತು.

2018ರಲ್ಲಿ ನ್ಯೂಯಾರ್ಕ್‌ನ 14ನೇ ಕ್ಷೇತ್ರ. ಜೋ ಕ್ರೌಲಿ ಹತ್ತು ಅವಧಿಯ ಸದಸ್ಯ, ಅವರ ಕ್ಷೇತ್ರದಲ್ಲಿ ಹದಿನಾಲ್ಕು ವರ್ಷಗಳಿಂದ ಪ್ರೈಮರಿಯಲ್ಲಿ ಎದುರಾಳಿಯೇ ಇರಲಿಲ್ಲ. ಒಂದು ಚರ್ಚೆಗೆ ತಾವು ಬರದೆ ಬೇರೊಬ್ಬರನ್ನು ಕಳುಹಿಸಿದರು. ಎದುರಿಗೆ ಕುಳಿತಿದ್ದವರು ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್, 28 ವರ್ಷ, ಸ್ವಲ್ಪ ಕಾಲದ ಹಿಂದಿನವರೆಗೂ ಬಾರ್‌ನಲ್ಲಿ ಕೆಲಸ ಮಾಡಿದ್ದವರು. ಸುಮಾರು 57 ಶೇಕಡಾ ಮತ ಅವರಿಗೆ ಬಿತ್ತು. ನಮ್ಮ ಊರಿನ ಸಭೆಗೆ ಶಾಸಕರು ಬರದೆ ಆಪ್ತ ಸಹಾಯಕರನ್ನು ಕಳುಹಿಸಿದ ದಿನಗಳನ್ನು ನೆನಪಿಸಿಕೊಳ್ಳಿ. ಆ ಖಾಲಿ ಕುರ್ಚಿಗೆ ಬೆಲೆ ತೆರಬೇಕಾಗಿ ಬಂದದ್ದನ್ನು ನಮ್ಮಲ್ಲಿ ಎಂದಾದರೂ ನೋಡಿದ್ದೇವೆಯೇ?

ಕಾವಲುಗಾರ
ಆ ಕ್ಷೇತ್ರದಲ್ಲಿ ಅಂದು ಬಿದ್ದ ಒಟ್ಟು ಮತ ಮೂವತ್ತು ಸಾವಿರವೂ ಇರಲಿಲ್ಲ. ಏಳು ಲಕ್ಷ ಜನರ ಕ್ಷೇತ್ರ.

ಮಲ್ಲಿಗೆ ಬಳ್ಳಿ
ಮೂವತ್ತು ಸಾವಿರ ಜನ ನಿಮಗೆ ಕಡಿಮೆ ಎನಿಸುತ್ತದೆ. ನಮ್ಮಲ್ಲಿ ಅದೇ ತೀರ್ಮಾನ ತೆಗೆದುಕೊಳ್ಳುವವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ನೇತ್ರಾವತಿ
ಯಾರೂ ಹೇಳದ ಕಾರಣ ನಾನು ಹೇಳುತ್ತೇನೆ: ಈ ಪ್ರಯೋಗ ನಮ್ಮ ಮಂಗಳೂರಿನಲ್ಲೇ ನಡೆದಿದೆ. 2014ರ ಲೋಕಸಭಾ ಚುನಾವಣೆಗೆ ಮುಂಚೆ ರಾಹುಲ್ ಗಾಂಧಿಯವರ ಒತ್ತಾಸೆಯಿಂದ ಕಾಂಗ್ರೆಸ್ ದೇಶದ ಹದಿನೈದು-ಹದಿನಾರು ಕ್ಷೇತ್ರಗಳಲ್ಲಿ ಪ್ರೈಮರಿ ಮಾಡಲು ಹೊರಟಿತು. ಕರ್ನಾಟಕದಲ್ಲಿ ಎರಡು: ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ. ಇಲ್ಲಿ ಜನಾರ್ದನ ಪೂಜಾರಿಯವರು ಗೆದ್ದು ಅಭ್ಯರ್ಥಿಯಾದರು. ಮೇ ತಿಂಗಳಲ್ಲಿ ನಳಿನ್ ಕುಮಾರ್ ಕಟೀಲ್ ಎದುರು ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. 2009ರಲ್ಲೂ ಅದೇ ಎದುರಾಳಿಗೆ ಸೋತಿದ್ದರು.

ನನ್ನ ಚಿಕ್ಕಪ್ಪ ಆಗ ಪಕ್ಷದ ಪದಾಧಿಕಾರಿ, ಮತ ಹಾಕಿ ಬಂದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಗುರುತಿನ ಚೀಟಿ ಕಿಸೆಯಲ್ಲಿಟ್ಟುಕೊಂಡು ಮದುವೆಗೆ ಹೊರಟಂತೆ ಹೊರಟಿದ್ದರು. "ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಕೇಳಿದರು" ಎಂದರು. ಪಕ್ಷ ಸೋತದ್ದಕ್ಕಿಂತ, ಆಮೇಲೆ ಅವರನ್ನು ಮತ್ತೆಂದೂ ಕೇಳಲಿಲ್ಲ ಎಂಬುದೇ ಅವರಿಗೆ ನೋವು.

ಯಲಹಂಕ ಪೇಟೆ
ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಪ್ರೈಮರಿ ಗೆದ್ದರು, ಡಿ.ವಿ. ಸದಾನಂದ ಗೌಡರ ಎದುರು ಸೋತರು. ಪ್ರೈಮರಿಯಿಂದ ಬಂದವರು ಗೆಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನೇತ್ರಾವತಿ
2014ರಲ್ಲಿ ವರಿಷ್ಠರು ನೇರವಾಗಿ ಆರಿಸಿದವರೂ ಸೋತರು ಸ್ವಾಮಿ! ದೇಶದಾದ್ಯಂತ ಕಾಂಗ್ರೆಸ್ ಗೆದ್ದದ್ದು 44 ಸ್ಥಾನ. ಆ ವರ್ಷದ ಸೋಲನ್ನು ಪ್ರೈಮರಿಯ ತಲೆಗೆ ಕಟ್ಟುವುದು ಅನ್ಯಾಯ.

ಹಳೆಯ ಪುಟ
ಆ ಪ್ರಯೋಗದ ದೋಷ ಬೇರೆ ಕಡೆ ಇತ್ತು. ಮೊದಲನೆಯದು ಪಟ್ಟಿ. ಮತ ಹಾಕಿದವರು ಪದಾಧಿಕಾರಿಗಳು, ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು, ಇಂಥ ಆಯ್ದ ಜನ. ಆ ಪದಾಧಿಕಾರಿಗಳನ್ನು ನೇಮಿಸಿದವರು ಯಾರು? ಮತ್ತೆ ಅದೇ ಮುಖಂಡರು. ಎರಡನೆಯದು ವಡೋದರಾ. ಅಲ್ಲಿ ನರೇಂದ್ರ ರಾವತ್ ಎಂಬ ಸ್ಥಳೀಯ ಮುಖಂಡರು ಪ್ರೈಮರಿ ಗೆದ್ದರು. ಆಮೇಲೆ ನರೇಂದ್ರ ಮೋದಿಯವರು ಅಲ್ಲಿ ನಿಲ್ಲುತ್ತಾರೆ ಎಂದಾಯಿತು. ರಾವತ್ ಹಿಂದೆ ಸರಿದರು, ಮಧುಸೂದನ ಮಿಸ್ತ್ರಿ ಅಭ್ಯರ್ಥಿಯಾದರು. ಪ್ರೈಮರಿ ನಡೆಸುವ ಕ್ಷೇತ್ರಗಳ ಪಟ್ಟಿಯಲ್ಲಿದ್ದ ವಾರಾಣಸಿ ಆ ಪಟ್ಟಿಯಿಂದಲೇ ಹೋಯಿತು. ಕ್ಷೇತ್ರ ಮುಖ್ಯವಾದ ಕೂಡಲೇ ಟಿಕೆಟ್ ಮೇಲಕ್ಕೆ ಹೋಯಿತು.

ವಕೀಲರ ಬೀದಿ
ಕಾನೂನಿನ ಕಡೆಯಿಂದ. ನಮ್ಮ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪಕ್ಷಗಳ ನೋಂದಣಿ ಬಗ್ಗೆ ಹೇಳುತ್ತದೆ, ಅಭ್ಯರ್ಥಿಯನ್ನು ಪಕ್ಷ ಹೇಗೆ ಆರಿಸಬೇಕು ಎಂಬ ಬಗ್ಗೆ ಒಂದು ಅಕ್ಷರವೂ ಇಲ್ಲ. ಎ ಫಾರಂ, ಬಿ ಫಾರಂ ಬರುವುದು 1968ರ ಚುನಾವಣಾ ಚಿಹ್ನೆಗಳ ಆದೇಶದಿಂದ. ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲೇ ಪಕ್ಷಗಳೊಳಗೆ ಪ್ರಜಾಪ್ರಭುತ್ವ ಕಡ್ಡಾಯವಾಗಬೇಕೆಂದಿತು. ಕಾಲು ಶತಮಾನ ಕಳೆಯಿತು.

ಜರ್ಮನಿಯಲ್ಲಿ ಪಕ್ಷಗಳ ಆಂತರಿಕ ವ್ಯವಸ್ಥೆ ಪ್ರಜಾಸತ್ತಾತ್ಮಕವಾಗಿರಬೇಕೆಂದು ಸಂವಿಧಾನವೇ ಹೇಳುತ್ತದೆ. ಅಭ್ಯರ್ಥಿಯನ್ನು ಸದಸ್ಯರು ಅಥವಾ ಅವರು ಆರಿಸಿದ ಪ್ರತಿನಿಧಿಗಳು ಗುಪ್ತ ಮತದಾನದಿಂದಲೇ ಆರಿಸಬೇಕು.

ಬೂತ್ ಕಾರ್ಯಕರ್ತರ ಪ್ರಶ್ನೆಗೆ ಬರುತ್ತೇನೆ. ಕೇವಲ ಪ್ರೈಮರಿಯಿಂದ ನಮ್ಮಲ್ಲಿ ಕೆಲಸ ಆಗುವುದಿಲ್ಲ, ಏಕೆಂದರೆ ಗೆದ್ದ ಮೇಲೆ ಪಕ್ಷಾಂತರ ನಿಷೇಧ ಕಾನೂನು ಇದೆ. 1985ರಲ್ಲಿ ಬಂದ ಹತ್ತನೇ ಅನುಸೂಚಿಯ ಪ್ರಕಾರ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಶಾಸಕತ್ವವೇ ಹೋಗುತ್ತದೆ. ಅಮೆರಿಕದಲ್ಲೂ ಅಂಥ ಮಾತು ಹೇಳುವ ವಿಪ್‌ಗಳು ಇದ್ದಾರೆ, ಆದರೆ ಮಾತು ಮೀರಿದರೆ ಸ್ಥಾನ ಹೋಗುವುದಿಲ್ಲ. ನಮ್ಮಲ್ಲಿ ಸದನಕ್ಕೆ ಹೋಗುವ ಬಾಗಿಲೂ ಸದನದೊಳಗಿನ ಕೈಯೂ ಒಬ್ಬರ ವಶದಲ್ಲಿವೆ.

ತುಂಗಾ ತೀರ
ವಿಪ್ ಸಡಿಲ ಮಾಡಿದರೆ 2019ರ ಹಾಗೆ ಹದಿನೇಳು ಶಾಸಕರು ಒಟ್ಟಿಗೆ ಪಕ್ಷ ಬಿಟ್ಟು ಹೋಗುತ್ತಾರಲ್ಲ ಸರ್?

ವಕೀಲರ ಬೀದಿ
ಆ ಕಾನೂನು ಇದ್ದಾಗಲೇ ಅವರು ಹೋದದ್ದು.

ದ್ರಾಕ್ಷಿ ತೋಟ
2019 ಎಂದ ಕೂಡಲೇ ಹೊಸಕೋಟೆ ಹೇಳದಿದ್ದರೆ ಹೇಗೆ? ಆ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿ ಟಿಕೆಟ್ ಎಂ.ಟಿ.ಬಿ. ನಾಗರಾಜ್ ಅವರಿಗೆ ಸಿಕ್ಕಿತು, 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದಿದ್ದವರು. ಆ 2018ರಲ್ಲಿ ಅದೇ ಬಿಜೆಪಿಯ ಅಭ್ಯರ್ಥಿಯಾಗಿ ಅವರ ಎದುರು ಸೋತಿದ್ದ ಶರತ್ ಬಚ್ಚೇಗೌಡರು ಪಕ್ಷೇತರರಾಗಿ ನಿಂತರು. ಪಕ್ಷದಿಂದ ಹೊರಗೆ ಹಾಕಿಸಿಕೊಂಡರು, ಗೆದ್ದರು. ನಮ್ಮ ಊರಿನಲ್ಲಿ ಕಾರ್ಯಕರ್ತರು ರಾತ್ರೋರಾತ್ರಿ ಗೋಡೆಗಳ ಮೇಲಿನ ಚಿಹ್ನೆಗೆ ಸುಣ್ಣ ಬಳಿದದ್ದನ್ನು ನಾನು ನೋಡಿದ್ದೇನೆ. ಪಕ್ಷ ಪ್ರೈಮರಿ ನಡೆಸಲಿಲ್ಲ, ಜನ ಅದನ್ನು ಮುಖ್ಯ ಚುನಾವಣೆಯಲ್ಲೇ ನಡೆಸಿದರು. ಬಂಡಾಯವೇ ನಮ್ಮ ಪ್ರೈಮರಿ.

ಯಲಹಂಕ ಪೇಟೆ
ಎಲ್ಲ ಬಂಡಾಯವೂ ಗೆಲ್ಲುವುದಿಲ್ಲ. 2023ರಲ್ಲಿ ಟಿಕೆಟ್ ತಪ್ಪಿದ ಜಗದೀಶ ಶೆಟ್ಟರ್ ಕಾಂಗ್ರೆಸ್‌ಗೆ ಹೋಗಿ ಹುಬ್ಬಳ್ಳಿಯಲ್ಲಿ ಸೋತರು, ಮರುವರ್ಷ ಬಿಜೆಪಿಗೆ ಮರಳಿ ಬೆಳಗಾವಿಯ ಸಂಸದರಾದರು. ಲಕ್ಷ್ಮಣ ಸವದಿ ಅದೇ ದಾರಿಯಲ್ಲಿ ಹೋಗಿ ಅಥಣಿಯಲ್ಲಿ ಗೆದ್ದರು.

ಎಡಿಸನ್ ಮನೆ
ಇಲ್ಲಿ ಬಹುತೇಕ ರಾಜ್ಯಗಳಲ್ಲಿ ಪ್ರೈಮರಿಯಲ್ಲಿ ಸೋತವರು ಅದೇ ಚುನಾವಣೆಗೆ ಪಕ್ಷೇತರರಾಗಿ ನಿಲ್ಲುವಂತಿಲ್ಲ. ಕನೆಕ್ಟಿಕಟ್‌ನಲ್ಲಿ ಆ ತಡೆ ಇಲ್ಲ, ಅದಕ್ಕೇ 2006ರಲ್ಲಿ ಸೆನೆಟರ್ ಜೋ ಲೀಬರ್ಮನ್ ಪ್ರೈಮರಿಯಲ್ಲಿ ಸೋತೂ ನವೆಂಬರ್‌ನಲ್ಲಿ ಗೆದ್ದರು. ಪ್ರೈಮರಿ ನ್ಯಾಯವಾಗಿ ನಡೆದರೆ ಈ ತಡೆ ಸರಿ ಎಂದು ನನಗನ್ನಿಸುತ್ತದೆ. ಸೋಲಿಸಿದವರು ಜನರೇ ಆದಾಗ ಮುನಿಸಿಗೆ ಜಾಗ ಎಲ್ಲಿದೆ?

ಗ್ರಾಮಸಭೆ
ನಾನು ಎರಡು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಬಿ ಫಾರಂ ಇಲ್ಲ. ನಾನು ನಿಲ್ಲಲು ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ನೀರು ಬಾರದ ದಿನ ಹೆಂಗಸರು ಖಾಲಿ ಕೊಡ ಹಿಡಿದು ನೇರ ನಮ್ಮ ಜಗಲಿಗೆ ಬರುತ್ತಿದ್ದರು, ನಾನು ಓಡಿ ಹೋಗುತ್ತಿದ್ದೆ. ಆಮೇಲೆ ತಾಲ್ಲೂಕು ಪಂಚಾಯಿತಿಗೆ ನಿಲ್ಲುವ ಮಾತು ಬಂದಾಗ ಮೊದಲ ಪ್ರಶ್ನೆ, "ನಿಮ್ಮ ಯಜಮಾನರು ಯಾರ ಕಡೆ?" ನಾನು ಬಿಟ್ಟುಬಿಟ್ಟೆ.

ಒಂದು ಅನುಮಾನ ಮಾತ್ರ ಇದೆ. ಪಕ್ಷದ ಸದಸ್ಯರೇ ಮತ ಹಾಕುವುದಾದರೆ ದೊಡ್ಡ ಜಾತಿಯವರು ಒಂದೇ ವಾರದಲ್ಲಿ ಸಾವಿರಾರು ಸದಸ್ಯರನ್ನು ಮಾಡಿಸುತ್ತಾರೆ. ಸಣ್ಣ ಸಮುದಾಯದವರಿಗೆ, ಹೆಂಗಸರಿಗೆ ಈಗ ವರಿಷ್ಠರ ದಯೆಯಿಂದಾದರೂ ಒಂದೆರಡು ಟಿಕೆಟ್ ಸಿಗುತ್ತವೆ. ಅದೂ ಹೋದರೆ? ಇದಕ್ಕೆ ಯಾರಾದರೂ ಉತ್ತರ ಹೇಳಿ.

ಕಾವಲುಗಾರ
ಅಕ್ಕ, ಈ ಚರ್ಚೆಯಲ್ಲಿ ಬಂದ ಅತ್ಯಂತ ಗಟ್ಟಿ ಆಕ್ಷೇಪ ನಿಮ್ಮದು.

ಮಲ್ಲಿಗೆ ಬಳ್ಳಿ
ಉತ್ತರ ಪೂರ್ತಿ ನನ್ನಲ್ಲಿಲ್ಲ, ಆದರೆ ಪಟ್ಟಿಯನ್ನು ಪಕ್ಷದ ಸದಸ್ಯರಿಗೆ ಬಿಡದೆ ಕ್ಷೇತ್ರದ ಎಲ್ಲ ಮತದಾರರಿಗೂ ತೆರೆದರೆ ಸದಸ್ಯತ್ವ ಕೊಳ್ಳುವ ಆಟ ನಿಲ್ಲುತ್ತದೆ. 2009ರಲ್ಲಿ ಇಂಗ್ಲೆಂಡಿನ ಟೋಟ್ನೆಸ್ ಕ್ಷೇತ್ರದಲ್ಲಿ ಕನ್ಸರ್ವೇಟಿವ್ ಪಕ್ಷ ಹಾಗೆ ಮಾಡಿತು. ಪ್ರತಿಯೊಬ್ಬ ಮತದಾರರಿಗೂ, ವಿರೋಧ ಪಕ್ಷದವರಿಗೂ, ಅಂಚೆಯಲ್ಲಿ ಮತಪತ್ರ ಹೋಯಿತು. ಸುಮಾರು ಕಾಲು ಭಾಗ ಜನ ಮತ ಹಾಕಿದರು. ಗೆದ್ದವರು ಸಾರಾ ವೊಲಾಸ್ಟನ್, ಊರಿನ ವೈದ್ಯೆ, ರಾಜಕೀಯದ ಅನುಭವವೇ ಇಲ್ಲದವರು. ಸಂಸತ್ತಿಗೆ ಹೋದ ಮೇಲೆ ಪಕ್ಷದ ನಾಯಕರಿಗೆ ತಲೆ ಬಾಗದೆ ಮಾತನಾಡಿದರು.

ಲೆಕ್ಕದ ಮೇಷ್ಟ್ರು
2019ರಲ್ಲಿ ಪಕ್ಷವನ್ನೇ ಬಿಟ್ಟರು. ಆ ಒಂದು ಪ್ರೈಮರಿಗೆ ಸುಮಾರು 38,000 ಪೌಂಡ್ ಖರ್ಚಾಯಿತು. ನಮ್ಮ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಎರಡು ಲಕ್ಷ ಮತದಾರರು, 224 ಕ್ಷೇತ್ರ, ಮೂರು ಪಕ್ಷ. ಯಾರು ಕೊಡುತ್ತಾರೆ?

ದ್ರಾಕ್ಷಿ ತೋಟ
ಟಿಕೆಟ್‌ಗಾಗಿ ಈಗ ಕೈ ಬದಲಾಯಿಸುವ ಹಣದ ಮುಂದೆ ಅದು ಏನೂ ಅಲ್ಲ ಮೇಷ್ಟ್ರೇ.

ಬೂತ್ ಕಾರ್ಯಕರ್ತ
ಎಲ್ಲರ ಬರಹವನ್ನೂ ಎರಡು ಸಲ ಓದಿದೆ. ಗ್ರಾಮಸಭೆ ಅಕ್ಕನ ಪ್ರಶ್ನೆ ಮನಸ್ಸಿನಲ್ಲಿ ಕೂತಿದೆ. ಹಳೆಯ ಪುಟದವರು ಹೇಳಿದ ಪಟ್ಟಿಯ ಮಾತೂ ಕೂತಿದೆ. ಕಾನೂನು ಬದಲಿಸುವ ಶಕ್ತಿ ನನಗಿಲ್ಲ. ಮುಂದಿನ ಭಾನುವಾರ ನಮ್ಮ ಪಕ್ಷದ ತಾಲ್ಲೂಕು ಸಭೆ ಇದೆ. ಎದ್ದು ನಿಂತು ಎರಡೇ ವಿಷಯ ಕೇಳುತ್ತೇನೆ: ಸದಸ್ಯರ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿ, ಬರುವ ತಾಲ್ಲೂಕು ಪಂಚಾಯಿತಿ ಚುನಾವಣೆಗೆ ಒಂದೇ ಒಂದು ಕ್ಷೇತ್ರದಲ್ಲಿ ಆ ಪಟ್ಟಿಯವರಿಂದ ಮತ ಹಾಕಿಸಿ ಅಭ್ಯರ್ಥಿಯನ್ನು ಆರಿಸಿ. ಅದು ಮಹಿಳಾ ಮೀಸಲು ಕ್ಷೇತ್ರವೇ ಆಗಲಿ ಎಂದೂ ಕೇಳುತ್ತೇನೆ.

ತುಂಗಾ ತೀರ
ಪಟ್ಟಿ ಕೊಡುವುದಿಲ್ಲ ನೋಡಿ.

ನೇತ್ರಾವತಿ
ಕೊಡದಿದ್ದರೆ ಸದಸ್ಯತ್ವದ ರಸೀದಿ ಪುಸ್ತಕಗಳ ಅರ್ಧಚೀಟಿಗಳು ಬೂತ್ ಮಟ್ಟದಲ್ಲಿ ಉಳಿದಿರುತ್ತವೆ. ಚಿಕ್ಕಪ್ಪ ತಮ್ಮವನ್ನು ಇಂದಿಗೂ ಕಪಾಟಿನಲ್ಲಿ ರಬ್ಬರ್ ಹಾಕಿ ಇಟ್ಟಿದ್ದಾರೆ. ಅವುಗಳಿಂದಲೇ ಹೆಸರು ಬರೆದುಕೊಳ್ಳಬಹುದು.

ಬೂತ್ ಕಾರ್ಯಕರ್ತ
ನನ್ನ ಬಳಿ ಹದಿನೇಳು ಪುಸ್ತಕಗಳ ಅರ್ಧಚೀಟಿ ಇವೆ. ಇವತ್ತು ರಾತ್ರಿಯೇ ತೆಗೆಯುತ್ತೇನೆ.